ಏಳನೇ ಸೆಮಿಸ್ಟರ್‌ಗೆ ಮೊದಲೇ ಕೆಲಸ ಸಿಕ್ಕಿತು, ಬಿಇ ಏನಾಯಿತು?

ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವಳು. 2022ರ ಸ್ಕೀಮ್ (ಆ ವರ್ಷದ ಪಠ್ಯಕ್ರಮ, ನಿಯಮ), ಸಿಇಟಿ ಸೀಟು, ಊರು ತಿಪಟೂರು. ಆರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನ ಒಂದು ಚಿಕ್ಕ ಕಂಪನಿಗೆ ಇಂಟರ್ನ್ ಆಗಿ ಹೋದೆ. ಬ್ಯಾಕೆಂಡ್ ಕೆಲಸ. ಪೈಥಾನ್, ಪೋಸ್ಟ್‌ಗ್ರೆಸ್, ಆಗಾಗ ಬೇರೆಯವರು ಬರೆದಿಟ್ಟ ಕೋಡ್‌ನ ದೋಷ ಹುಡುಕುವುದು. ಮೂರು ವರ್ಷ ಲ್ಯಾಬ್ ರೆಕಾರ್ಡ್ ಬರೆದದ್ದಕ್ಕಿಂತ ಜಾಸ್ತಿ ಅಲ್ಲಿ ಕಲಿತೆ ಅನ್ನಿಸಿತ್ತು. ರಜೆ ಮುಗಿಯುವ ಹೊತ್ತಿಗೆ ಅವರೇ ಕೇಳಿದರು. ಮುಂದಿನ ತಿಂಗಳಿಂದ ಫುಲ್ ಟೈಮ್ ಬಾ, ತಿಂಗಳಿಗೆ 50 ಸಾವಿರ, ಡಿಗ್ರಿ ಮುಗಿದಿದೆಯೋ ಇಲ್ಲವೋ ನಮಗೆ ತಲೆಬಿಸಿ ಇಲ್ಲ.

ಆಮೇಲೆ ಎಲ್ಲರೂ ಸಲಹೆ ಕೊಟ್ಟರು. ಸೀನಿಯರ್ ಒಬ್ಬರು ಬಿಲ್ ಗೇಟ್ಸ್ ಹೆಸರು ಎತ್ತಿದರು. ಅದು ಎಲ್ಲರೂ ಎತ್ತುವ ಹೆಸರೇ. ಗೇಟ್ಸ್ 1975ರಲ್ಲಿ ಹಾರ್ವರ್ಡ್‌ನಿಂದ ಹೊರಟದ್ದು ರಜೆ ಹಾಕಿ, ಬೇಕಾದರೆ ವಾಪಸ್ ಹೋಗಬಹುದಿತ್ತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಜ್ಜಿಯದು ಬೇರೆ ಲೆಕ್ಕ. ಡಿಗ್ರಿ ಮುಗಿದರೆ ಗಂಡು ಹುಡುಕಬಹುದು ಅನ್ನುವುದು ಅವರ ಆಸೆ. ಹಾಗಾಗಿ ಮುಗಿಸದೇ ಇರುವುದೇ ನನಗೆ ಒಳ್ಳೆಯದು ಅಂತ ರೂಮ್‌ಮೇಟ್ ತಮಾಷೆ ಮಾಡಿದಳು. ಅಪ್ಪ ಜಾಸ್ತಿ ಮಾತಾಡಲಿಲ್ಲ. "ಈ ಸಲ ಕೊಬ್ಬರಿಗೆ ಬೆಲೆ ಬಂದಿದೆ ಕಣಮ್ಮ. ನಿನ್ನ ಸಂಬಳ ನಂಬಿಕೊಂಡು ನಾವು ಕೂತಿಲ್ಲ" ಅಂದರು. ಅದು ಓದು ಅಂತಲೋ, ನಿನ್ನಿಷ್ಟ ಅಂತಲೋ ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ.

ಯಾರ ಮಾತಿನಿಂದಲೂ ತೀರ್ಮಾನ ಆಗಲಿಲ್ಲ. ತಲೆ ತಿಳಿಯಾದದ್ದು ಸ್ಕೀಮ್‌ನ ಪಿಡಿಎಫ್ ತೆಗೆದು ಕೂತಾಗ. ವಿಟಿಯು ಬಿಇ ಅಂದರೆ ಒಟ್ಟು 160 ಕ್ರೆಡಿಟ್, ಪ್ರತಿ ವಿಷಯ ಪಾಸಾದಾಗ ಅದಕ್ಕೆ ಇಷ್ಟು ಅಂತ ಸಿಗುವುದು. ಆರು ಸೆಮಿಸ್ಟರ್ ಪಾಸಾದವರಿಗೆ 120 ಬಂದಿರುತ್ತೆ. ಉಳಿದ 40ರಲ್ಲಿ ಏಳನೇ ಸೆಮಿಸ್ಟರ್‌ಗೆ 24. ಅದು ಕ್ಲಾಸು, ಲ್ಯಾಬು, ಪ್ರಾಜೆಕ್ಟು. ಎಂಟನೆಯದಕ್ಕೆ 16. ಆ 16ರಲ್ಲಿ ಹತ್ತು ಕ್ರೆಡಿಟ್ ಇಂಟರ್ನ್‌ಶಿಪ್‌ಗೇ ಇದೆ, 14ರಿಂದ 20 ವಾರದ್ದು. ಮಿಕ್ಕ ಆರು ಕ್ರೆಡಿಟ್ ಎರಡು ಆನ್‌ಲೈನ್ ಕೋರ್ಸಿನದು. ಅಂದರೆ ಎಂಟನೇ ಸೆಮಿಸ್ಟರ್‌ನಲ್ಲಿ ಕಾಲೇಜಿನ ಬೆಂಚಿನ ಮೇಲೆ ಕೂರುವ ಕೆಲಸವೇ ಇಲ್ಲ. ನಾನು ಒಂದು ವರ್ಷ ಅಂತ ಹೆದರುತ್ತಿದ್ದದ್ದು ನಿಜವಾಗಿ ಒಂದು ಸೆಮಿಸ್ಟರ್‌ನ ಕ್ಲಾಸು.

ಇನ್ನೂ ಒಂದು ಸಾಲು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಏಳು ಮತ್ತು ಎಂಟನೇ ಸೆಮಿಸ್ಟರ್‌ಗಳನ್ನು ಕಾಲೇಜುಗಳು ಅದಲು ಬದಲು ಮಾಡಬಹುದು. ಆರನೆಯದು ಮುಗಿದ ಕೂಡಲೇ ಇಂಟರ್ನ್‌ಶಿಪ್‌ಗೆ ಹೋಗಿ, ಕ್ಲಾಸನ್ನು ಕೊನೆಗೆ ಇಟ್ಟುಕೊಳ್ಳಬಹುದು. ನಮ್ಮ ಬ್ಯಾಚಿನ ಗ್ರೂಪಿನಲ್ಲಿ ಕೇಳಿದರೆ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ. ನೀವು ಇದೇ ಯೋಚನೆಯಲ್ಲಿದ್ದರೆ ಮೊದಲು ನಿಮ್ಮ ಸ್ಕೀಮ್ ಪೂರ್ತಿ ಓದಿ, ಕೊನೆಯ ಪುಟದ ಟಿಪ್ಪಣಿ ಸಮೇತ. ಬೇರೆ ವಿಶ್ವವಿದ್ಯಾಲಯದವರಿಗೆ, ಅಟಾನಮಸ್ (ಸಿಲಬಸ್, ಪರೀಕ್ಷೆ ತಾವೇ ಮಾಡುವ) ಕಾಲೇಜಿನವರಿಗೆ ಲೆಕ್ಕ ಬೇರೆ ಇರುತ್ತೆ.

ಬಿಟ್ಟರೆ ಏನಾಗುತ್ತೆ ಅಂತಲೂ ವಿಚಾರಿಸಿದೆ. ಸುಮ್ನೆ ತಿಳಿದುಕೊಳ್ಳೋಣ ಅಂತ ಕಾಲೇಜಿನ ಆಫೀಸಿಗೆ ಹೋದರೆ ಕೌಂಟರಿನಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೊನೆಯ ವರ್ಷದ ಫೀಸು ಪೂರ್ತಿ ಕಟ್ಟಿದರೆ ಮಾತ್ರ ಟಿಸಿ, ಆಮೇಲೆ ಒರಿಜಿನಲ್ ಮಾರ್ಕ್ಸ್ ಕಾರ್ಡು, ಇದು ಅವರ ಉತ್ತರ. ಕಾಲೇಜುಗಳು ವಿದ್ಯಾರ್ಥಿಗಳ ಒರಿಜಿನಲ್ ದಾಖಲೆ ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಅದನ್ನು ನಾನು ಅವರಿಗೆ ಹೇಳಿದೆ. "ಅದೆಲ್ಲ ದೆಹಲಿಯಲ್ಲಿ" ಅಂದರು. ನನ್ನ ಹತ್ತನೇ ಕ್ಲಾಸು ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡು ಸೇರುವಾಗ ಕೊಟ್ಟದ್ದು ಅಲ್ಲೇ ಇದ್ದವು. ಸ್ಕ್ಯಾನ್ ಮಾಡಿಕೊಳ್ಳಲು ಒಂದು ಅರ್ಜಿ ಕೊಟ್ಟು ಈಸಿಕೊಂಡೆ. ಆಮೇಲೆ ವಾಪಸ್ ಕೊಡಲಿಲ್ಲ. ಅವರೂ ಕೇಳಲಿಲ್ಲ.

ಬ್ಯಾಂಕಿಗೂ ಹೋದೆ. ಶಿಕ್ಷಣ ಸಾಲ ಇತ್ತು. ಇಂಥ ಸಾಲಕ್ಕೆ ಕೋರ್ಸ್ ಮುಗಿಯುವ ತನಕ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಾ ಇರುತ್ತೆ. ಅರ್ಧಕ್ಕೆ ಬಿಟ್ಟರೆ? ಮ್ಯಾನೇಜರ್ ಫೈಲು ತೆಗೆಯದೇ ಹೇಳಿದರು: "ಬಿಟ್ಟ ದಿನದಿಂದ ಕಂತು ಶುರು ಅಂತ ಇಟ್ಟುಕೊಳ್ಳಿ". ಸಾಲ ಇರುವವರು ಕೆಲಸಕ್ಕೆ ಹೂಂ ಅನ್ನುವ ಮೊದಲು ಇದನ್ನು ಕೇಳಿಕೊಂಡು ಬನ್ನಿ. ಸಂಬಳದಲ್ಲಿ ಎಷ್ಟು ಕೈಗೆ ಉಳಿಯುತ್ತೆ ಅನ್ನುವ ಲೆಕ್ಕವೇ ಬದಲಾಗುತ್ತೆ.

ಈಗ ದುಡ್ಡಿನ ಮಾತು. ಒಂದು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದೆ. ಈಗಲೇ ಸೇರಿದರೆ ವರ್ಷಕ್ಕೆ 6 ಲಕ್ಷ. ಓದು ಮುಗಿಸಿದರೆ ಮೊದಲ ಆರು ತಿಂಗಳು ಇಂಟರ್ನ್‌ಶಿಪ್ ದುಡ್ಡು, ತಿಂಗಳಿಗೆ 25 ಸಾವಿರ. ಆಮೇಲಿನ ಆರು ತಿಂಗಳು ಪಾರ್ಟ್ ಟೈಮ್ ಒಪ್ಪಿಸಿದರೆ 15 ಸಾವಿರದ ಹಾಗೆ. ಒಟ್ಟು 2 ಲಕ್ಷ 40 ಸಾವಿರ. ಕಳೆದುಕೊಳ್ಳುವುದು 3 ಲಕ್ಷ 60 ಸಾವಿರ, ಮೇಲೆ ಕೊನೆಯ ವರ್ಷದ ಫೀಸು. ನನ್ನ ಡಿಗ್ರಿಯ ಕೊನೆಯ ವರ್ಷದ ನಿಜವಾದ ಬೆಲೆ ಅದು. ಫೀಸು ಅದರಲ್ಲಿ ಚಿಕ್ಕ ಪಾಲು. ಅಂಕಿ ಕಣ್ಣೆದುರು ಬಂದ ಮೇಲೆ ಹೊಟ್ಟೆಯೊಳಗಿನ ತಳಮಳ ಕಡಿಮೆಯಾಯಿತು. ಇಷ್ಟು ಕೊಟ್ಟು ನನಗೇನು ಸಿಗುತ್ತೆ ಅಂತ ಮಾತ್ರ ನೋಡಬೇಕಿತ್ತು.

ಸಿಗುವುದು ಜ್ಞಾನ ಅಂತ ನಾನು ಹೇಳಲ್ಲ. ಏಳನೇ ಸೆಮಿಸ್ಟರ್ ಸಿಲಬಸ್ ನೋಡಿದರೆ ಅದರಲ್ಲಿ ಅರ್ಧ ಕೆಲಸದಲ್ಲೇ ಕಲಿಯಬಹುದಾದದ್ದು. ಸಿಗುವುದು ಬಾಗಿಲು ತೆಗೆಯುವ ಕಾಗದ. ಚಿಕ್ಕ ಕಂಪನಿಯವರಿಗೆ ಡಿಗ್ರಿ ಬೇಡ ನಿಜ, ಆದರೆ ಚಿಕ್ಕ ಕಂಪನಿ ಮುಚ್ಚಿಹೋದರೆ ಮುಂದಿನ ಕಂಪನಿಯ ಅರ್ಜಿಯಲ್ಲಿ ಡಿಗ್ರಿಯ ಕಾಲಂ ಖಾಲಿ ಬಿಡಲಿಕ್ಕೆ ಆಗಲ್ಲ. ಕೆಎಎಸ್, ಐಎಎಸ್ ಥರದ ಪರೀಕ್ಷೆ ಬರೆಯಬೇಕಾದರೆ ಡಿಗ್ರಿ ಬೇಕೇ ಬೇಕು. ಮಾಸ್ಟರ್ಸ್‌ಗೂ ಅಷ್ಟೆ. ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದಲ್ಲಿ ಡಿಗ್ರಿ ಇಲ್ಲದವರಿಗೆ ಒಂದು ವರ್ಷದ ಓದಿನ ಬದಲು ಮೂರು ವರ್ಷದ ಕೆಲಸದ ಅನುಭವ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ವರ್ಷ ಉಳಿಸಿದರೆ ಮೂರು ವರ್ಷ ದುಡಿದು ತೋರಿಸಬೇಕು, ಅಲ್ವಾ? ಎಲ್ಲ ಕಡೆ ಹೀಗೇ ಇಲ್ಲ. ಜರ್ಮನಿ 2023ರ ನವೆಂಬರ್‌ನಿಂದ ಐಟಿಯವರಿಗೆ ಡಿಗ್ರಿ ಇಲ್ಲದಿದ್ದರೂ ಬ್ಲೂ ಕಾರ್ಡ್ (ಅಲ್ಲಿ ಇದ್ದು ಕೆಲಸ ಮಾಡುವ ಪರವಾನಗಿ) ಕೊಡುತ್ತಿದೆ. ಹಿಂದಿನ ಏಳು ವರ್ಷದಲ್ಲಿ ಮೂರು ವರ್ಷದ ಅನುಭವ, ಸಾಕಷ್ಟು ಸಂಬಳದ ಕೆಲಸ ಇದ್ದರೆ ಸಾಕು. ನಾನು ವಿದೇಶಕ್ಕೆ ಹೊರಟವಳಲ್ಲ. ಆದರೆ 21ನೇ ವಯಸ್ಸಿನಲ್ಲಿ ಇಷ್ಟು ಬಾಗಿಲು ನಾನೇ ಮುಚ್ಚುವುದು ಯಾಕೆ ಅನ್ನಿಸಿತು. ಮುಗಿಸುವುದು ಅಂತ ಅಂದು ರಾತ್ರಿ ತೀರ್ಮಾನವಾಯಿತು.

ಕಂಪನಿಗೆ ಹೇಳುವುದು ಕಷ್ಟ ಅಂತ ಹೆದರಿದ್ದೆ, ಅದೇ ಎಲ್ಲಕ್ಕಿಂತ ಸುಲಭವಾಯಿತು. ಅವರಿಗೆ ಬೇಕಿದ್ದದ್ದು ಕೆಲಸ ಗೊತ್ತಿರುವ ಒಬ್ಬರು ನಾಳೆಯಿಂದ ಕೂರುವುದು. ಮುಂದಿನ ಐದಾರು ತಿಂಗಳು ಪೂರ್ತಿ ಬರುತ್ತೇನೆ, ಇಂಟರ್ನ್ ಹೆಸರಿನಲ್ಲಿ, ಆಮೇಲೆ ಒಂದು ಸೆಮಿಸ್ಟರ್ ವಾರಾಂತ್ಯ ಮತ್ತು ಸಂಜೆ, ಆಮೇಲೆ ಫುಲ್ ಟೈಮ್. ಒಂದು ದಿನ ಯೋಚಿಸಿ ಒಪ್ಪಿದರು. ಆದರೆ ಅವರು ಕಳಿಸಿದ ಕರಾರಿನಲ್ಲಿ ಎರಡು ಸಾಲು ಇಷ್ಟವಾಗಲಿಲ್ಲ. ಒಂದು, ಫುಲ್ ಟೈಮ್ ಆದ ಮೇಲೆ ಎರಡು ವರ್ಷದ ಬಾಂಡ್, ಅಂದರೆ ಅಷ್ಟರೊಳಗೆ ಬಿಟ್ಟರೆ ದುಡ್ಡು ಕಟ್ಟಬೇಕು. ಇನ್ನೊಂದು, ಒರಿಜಿನಲ್ ಮಾರ್ಕ್ಸ್ ಕಾರ್ಡು ಅವರ ಹತ್ತಿರ ಇಡುವುದು. ಬಾಂಡ್ ಎಲ್ಲ ಸುಮ್ನೆ ಹೆದರಿಸಲಿಕ್ಕೆ, ಕೋರ್ಟಿನಲ್ಲಿ ನಿಲ್ಲಲ್ಲ ಅಂತ ಗೆಳೆಯರು ಹೇಳಿದರು. ಅದನ್ನು ನಂಬಬೇಡಿ. ಒಂದು ಬ್ಯಾಂಕಿನ ಅಧಿಕಾರಿಯ ಪ್ರಕರಣದಲ್ಲಿ 2 ಲಕ್ಷ ರೂಪಾಯಿಯ ಬಾಂಡ್ ಸರಿ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಾನು ಎರಡೂ ಸಾಲು ತೆಗೆಯಿರಿ ಅಂತ ಮೇಲ್ ಮಾಡಿದೆ. ಮಾರ್ಕ್ಸ್ ಕಾರ್ಡಿನ ಸಾಲು ಹೋಯಿತು. ಬಾಂಡ್ ಒಂದು ವರ್ಷಕ್ಕೆ ಇಳಿಯಿತು. ಸಹಿ ಹಾಕಿದೆ.

ಕಾಲೇಜಿನ ಕಡೆಯದು ದೊಡ್ಡ ಗೋಳು. ಎಚ್‌ಒಡಿ (ವಿಭಾಗದ ಮುಖ್ಯಸ್ಥೆ) ಮೇಡಂ ಒಳ್ಳೆಯವರೇ. ಆದರೆ ಸೆಮಿಸ್ಟರ್ ಅದಲು ಬದಲು ಅನ್ನುವುದು ಒಬ್ಬಳು ಹುಡುಗಿ ಕೇಳಿದ ಕೂಡಲೇ ಮಾಡಿಕೊಡುವ ವಿಷಯ ಅಲ್ಲ, ಕಾಲೇಜು ತೀರ್ಮಾನಿಸಬೇಕು ಅಂದರು. ಅದು ಸರಿಯೇ. ನನ್ನ ಹಾಗೆ ಇಂಟರ್ನ್‌ಶಿಪ್ ಕೈಯಲ್ಲಿದ್ದವರನ್ನು ಹುಡುಕಿದೆ. ಒಂದು ಚಿಕ್ಕ ಗುಂಪಾಯಿತು. ಎಲ್ಲರ ಆಫರ್ ಪತ್ರ, ಒಂದು ಜಂಟಿ ಅರ್ಜಿ, ಸ್ಕೀಮ್‌ನ ಆ ಪುಟದ ಪ್ರಿಂಟು. ಅರ್ಜಿ ಡಿಪಾರ್ಟ್‌ಮೆಂಟಿನಿಂದ ಪ್ರಿನ್ಸಿಪಾಲರಿಗೆ ಹೋಯಿತು, ಅಲ್ಲಿಂದ ಪ್ಲೇಸ್‌ಮೆಂಟ್ ಸೆಲ್‌ಗೆ. ಅಲ್ಲಿ ನಿಂತಿತು. ಕ್ಯಾಂಪಸ್ಸಿಗೆ ಬಂದ ಕಂಪನಿ ಅಲ್ಲ, ನೀವೇ ಹುಡುಕಿಕೊಂಡದ್ದು, ಆದ್ದರಿಂದ ಇನ್ನು ಮೇಲೆ ಕ್ಯಾಂಪಸ್ ಡ್ರೈವ್‌ಗೆ ಕೂರಲ್ಲ ಅಂತ ಬರೆದುಕೊಡಿ ಅಂದರು. ನನ್ನ ಜೊತೆಗಿದ್ದ ಇಬ್ಬರು ಅಲ್ಲೇ ಹಿಂದೆ ಸರಿದರು. ನನಗೆ ಕೆಲಸ ಖಾತ್ರಿ ಇದ್ದದ್ದರಿಂದ ಬರೆದುಕೊಟ್ಟೆ. ಖಾತ್ರಿ ಇಲ್ಲದೇ ಇದ್ದಿದ್ದರೆ ಖಂಡಿತ ಬರೆಯುತ್ತಿರಲಿಲ್ಲ. ನಿಮಗೂ ಅದೇ ಮಾತು.

ಈ ಮಧ್ಯೆ ಎನ್‌ಪಿಟೆಲ್ (ಐಐಟಿಗಳವರು ನಡೆಸುವ ಆನ್‌ಲೈನ್ ಕೋರ್ಸುಗಳ ತಾಣ) ಗಡಿಯಾರ ಓಡುತ್ತಿತ್ತು. ಎಂಟನೇ ಸೆಮಿಸ್ಟರ್‌ನ ಆ ಎರಡು ಆನ್‌ಲೈನ್ ಕೋರ್ಸುಗಳು ಎನ್‌ಪಿಟೆಲ್‌ನಲ್ಲೇ ಮಾಡಬೇಕು. 12 ವಾರದ ಕೋರ್ಸುಗಳು, ಜುಲೈನಲ್ಲಿ ಶುರು. ಅನುಮತಿ ಪತ್ರ ಬರುವ ಲಕ್ಷಣ ಇಲ್ಲ, ಪರೀಕ್ಷೆಯ ನೋಂದಣಿ ಮುಗಿಯಲು ಬಂದಿದೆ. ತಪ್ಪಿದರೆ ಜನವರಿಯ ಸುತ್ತು, ಅಷ್ಟು ಹೊತ್ತಿಗೆ ನನಗೆ ಕ್ಲಾಸು. ಕೋರ್ಸಿಗೆ ಪರೀಕ್ಷಾ ಶುಲ್ಕ 1,000 ರೂಪಾಯಿ. ಎರಡಕ್ಕೆ 2,000 ಕಟ್ಟಿಬಿಟ್ಟೆ. ಅನುಮತಿ ಸಿಗದಿದ್ದರೆ ಹೋಗಲಿ ಬಿಡು ಅಂತ. ಕೋರ್ಸು ಆರಿಸುವಾಗ ವಿಟಿಯು ಒಪ್ಪಿದ ಪಟ್ಟಿಯಲ್ಲಿ ಇದೆಯೇ ಅಂತ ನೋಡಿಕೊಳ್ಳಿ. ನನ್ನ ಸ್ನೇಹಿತನೊಬ್ಬ ಎಂಟು ವಾರದ ಕೋರ್ಸು ತಗೊಂಡು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತ. ಪಾಸಾಗಲು ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30. ವಾರ ವಾರ ಅಸೈನ್‌ಮೆಂಟ್ ಬಿಡದೇ ಕೊಟ್ಟರೆ ಕಷ್ಟ ಇಲ್ಲ. ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು.

ಕೊನೆಗೆ ಅನುಮತಿ ಬಂತು. ಕಾಲೇಜು ಒಂದು ಗುಂಪನ್ನು ಇಂಟರ್ನ್‌ಶಿಪ್‌ಗೆ ಕಳಿಸಿ, ಉಳಿದವರಿಗೆ ಕ್ಲಾಸು ನಡೆಸಿತು. ಎನ್‌ಒಸಿ (ನಮ್ಮ ಅಭ್ಯಂತರ ಇಲ್ಲ) ಅಂತ ಕೊಟ್ಟ ಕಾಗದದಲ್ಲಿ ಕಂಪನಿಯ ಹೆಸರು ತಪ್ಪು. ತಿದ್ದಿಸಲು ಮತ್ತೆ ಅದೇ ಮೆಟ್ಟಿಲು. ಕಾಗದ ಕೈಗೆ ಬಂದ ಕೂಡಲೇ ಹೆಸರು, ಯುಎಸ್‌ಎನ್ (ವಿಟಿಯು ನೋಂದಣಿ ಸಂಖ್ಯೆ), ದಿನಾಂಕ ಅಲ್ಲೇ ನಿಂತು ಓದಿ. ಮನೆಗೆ ಹೋಗಿ ಓದಬೇಡಿ.

ಇಂಟರ್ನ್‌ಶಿಪ್ ತಿಂಗಳುಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ, ಕೆಲಸ ಮಾಡಿದೆ. ನಾನಿದ್ದದ್ದು ಕೆಂಗೇರಿ ಕಡೆಯ ಪಿಜಿ. ಮೊದಲು ಸಿಲ್ಕ್ ಬೋರ್ಡ್ ಬಸ್ಸಿನಲ್ಲಿ ಜೀವ ಹೋಗುತ್ತಿತ್ತು. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಮೆಜೆಸ್ಟಿಕ್‌ನಲ್ಲಿ ಒಂದು ಸಲ, ಆರ್‌ವಿ ರೋಡ್‌ನಲ್ಲಿ ಇನ್ನೊಂದು ಸಲ ಬದಲಾಯಿಸಿ ಎಚ್‌ಎಸ್‌ಆರ್ ತಲುಪುತ್ತಿದ್ದೆ. ಮೊದಮೊದಲು ಆ ಮಾರ್ಗದಲ್ಲಿ 25 ನಿಮಿಷಕ್ಕೊಂದು ರೈಲು. ಎನ್‌ಪಿಟೆಲ್ ವೀಡಿಯೊ ಎಲ್ಲ ನೋಡಿದ್ದು ಆ ಪ್ಲಾಟ್‌ಫಾರಂ ಮೇಲೆಯೇ. ಇಂಟರ್ನ್‌ಶಿಪ್‌ಗೆ ವರದಿ, ಡೈರಿ, ಕೊನೆಗೆ ಒಂದು ವೈವಾ ಇರುತ್ತೆ. ಡೈರಿಯನ್ನು ವಾರಕ್ಕೊಮ್ಮೆ ಬರೆದು ಮ್ಯಾನೇಜರ್ ಸಹಿ ಹಾಕಿಸಿಕೊಳ್ಳಿ. ಒಟ್ಟಿಗೆ ಬರೆಯಲು ಕೂತರೆ ಆಗಸ್ಟ್‌ನಲ್ಲಿ ಏನು ಮಾಡಿದೆ ಅಂತ ಡಿಸೆಂಬರ್‌ನಲ್ಲಿ ನೆನಪಿರಲ್ಲ.

ನಿಜವಾದ ಒದ್ದಾಟ ಆಮೇಲಿನ ಸೆಮಿಸ್ಟರ್. 24 ಕ್ರೆಡಿಟ್‌ನ ಕ್ಲಾಸು, ಪ್ರಾಜೆಕ್ಟು, ಜೊತೆಗೆ ಪಾರ್ಟ್ ಟೈಮ್ ಕೆಲಸ. ವಿಟಿಯುಗೆ ಶೇ 85 ಹಾಜರಾತಿ ಬೇಕು. ಸರಿಯಾದ ಕಾರಣ ಇದ್ದರೆ ಶೇ 75ರವರೆಗೆ ಮನ್ನಾ ಆಗುತ್ತೆ. ಆಫೀಸಿನ ಕೆಲಸ ಸರಿಯಾದ ಕಾರಣಗಳ ಪಟ್ಟಿಯಲ್ಲಿ ಇಲ್ಲ, ಕೇಳಿ ನೋಡಿದೆ. ಆರು ತಿಂಗಳು ಸಂಬಳದ ಥರ ದುಡ್ಡು ನೋಡಿ, ಮೀಟಿಂಗಿನಲ್ಲಿ ಮಾತಾಡಿ ಬಂದವಳಿಗೆ ಮತ್ತೆ "ಪ್ರೆಸೆಂಟ್ ಮೇಡಂ" ಅನ್ನುವುದು ಮೊದಲ ವಾರ ಅವಮಾನದ ಥರ ಇತ್ತು. ಯಾರಿಗೂ ಹೇಳಲಿಲ್ಲ. ಲ್ಯಾಬಿನಲ್ಲಿ ಕೂತು ಆಫೀಸಿನ ಚಾಟ್ ನೋಡಿ ಸಿಕ್ಕಿಹಾಕಿಕೊಂಡದ್ದೂ ಉಂಟು. ಇಂಟರ್ನಲ್ಸ್‌ನಲ್ಲಿ (ಕಾಲೇಜೇ ಕೊಡುವ ಅಂಕದಲ್ಲಿ) 50ಕ್ಕೆ 20 ಬರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರಿಸಲ್ಲ. ಅಲ್ಲಿ 50ಕ್ಕೆ 18 ಬರಬೇಕು, ಎರಡೂ ಸೇರಿ 40 ಆಗಬೇಕು. ಬ್ಯಾಕ್‌ಲಾಗ್ (ಪಾಸಾಗದ ವಿಷಯ) ಒಂದು ಉಳಿದರೂ ನನ್ನ ಫುಲ್ ಟೈಮ್ ತಾರೀಖು ಮುಂದೆ ಹೋಗುತ್ತಿತ್ತು. ಪರೀಕ್ಷೆಯ ತಿಂಗಳು ಕಂಪನಿಯಿಂದ ಪೂರ್ತಿ ರಜೆ ತಗೊಂಡೆ, ಆ ತಿಂಗಳ ದುಡ್ಡು ಇಲ್ಲ. ಆ ಪಾರ್ಟ್ ಟೈಮ್ ದುಡ್ಡಿನಲ್ಲೂ ಶೇ 10 ಟಿಡಿಎಸ್ (ಮೊದಲೇ ಕಡಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿದ್ದರು, ಕನ್ಸಲ್ಟೆಂಟ್ ಅಂತ ತೋರಿಸಿದ್ದರಿಂದ. ರಿಟರ್ನ್ ಹಾಕಿದರೆ ವಾಪಸ್ ಬರುತ್ತೆ, ಬಿಡಬೇಡಿ.

ಎಲ್ಲ ಮುಗಿಯಿತು ಅನ್ನುವಾಗ ಆಕ್ಟಿವಿಟಿ ಪಾಯಿಂಟ್ ನೆನಪಾಯಿತು. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಹೇಳಿದ ಪ್ರಕಾರ ವಿಟಿಯು ವಿದ್ಯಾರ್ಥಿಗಳು ನಾಲ್ಕು ವರ್ಷದಲ್ಲಿ 100 ಪಾಯಿಂಟ್ ಸಂಪಾದಿಸಬೇಕು. ಡಿಪ್ಲೊಮಾದಿಂದ ಬಂದವರಿಗೆ 75. ಹಳ್ಳಿ, ಶಾಲೆ, ಗಿಡ, ನೀರು ಇಂಥ ಸಮಾಜದ ಕೆಲಸಕ್ಕೆ ಸಿಗುವ ಪಾಯಿಂಟು. ಕ್ರೆಡಿಟ್ ಲೆಕ್ಕಕ್ಕೆ ಸೇರಲ್ಲ, ಆದರೆ ಅದಿಲ್ಲದೆ ಡಿಗ್ರಿ ಇಲ್ಲ. ಮೆಂಟರ್ ಫೈಲು ತೆಗೆದರೆ ನನ್ನದು ಕಡಿಮೆ ಬಿದ್ದಿತ್ತು. ಊರಿಗೆ ಹೋಗಿ ನಾನೇ ಓದಿದ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಟ್ಟು, ಹೆಡ್‌ಮಾಸ್ಟರ್ ಸಹಿ, ಫೋಟೊ, ವರದಿ ಎಲ್ಲ ಜೋಡಿಸಿ ಭರ್ತಿ ಮಾಡಿದೆ. ಹೇಳಬೇಕೆಂದರೆ ನಾಲ್ಕು ವರ್ಷದಲ್ಲಿ ನನಗೆ ಖುಷಿ ಕೊಟ್ಟ ಕೆಲವೇ ದಿನಗಳಲ್ಲಿ ಅವೂ ಸೇರಿವೆ. ಆದರೂ ಮೊದಲ ಎರಡು ವರ್ಷದಲ್ಲೇ ಮುಗಿಸಿಡಿ, ಕೊನೆಗೆ ಯಾರಿಗೂ ಪುರುಸೊತ್ತು ಇರಲ್ಲ.

ನನ್ನ ತೀರ್ಮಾನ ಎಲ್ಲರಿಗೂ ಹೊಂದಲ್ಲ. ನನಗೆ ಉಳಿದಿದ್ದದ್ದು 40 ಕ್ರೆಡಿಟ್, ಬ್ಯಾಕ್‌ಲಾಗ್ ಇರಲಿಲ್ಲ. ರೂಮ್‌ಮೇಟ್‌ನ ತಮ್ಮನದು ಬೇರೆ ಸ್ಥಿತಿ. ಎರಡನೇ ವರ್ಷ, ಬೆನ್ನ ಮೇಲೆ ಬ್ಯಾಕ್‌ಲಾಗ್ ರಾಶಿ, ಕೈಯಲ್ಲಿ ವೆಬ್ ಡೆವಲಪ್‌ಮೆಂಟ್ ಕೆಲಸ. ಅವನು ಬಿಟ್ಟ. ಅದು ಸರಿ ಅಂತಲೇ ನನಗೂ ಅನ್ನಿಸುತ್ತೆ. ಆದರೆ ಪೂರ್ತಿ ಕೈಬಿಡಲಿಲ್ಲ. ಕೆಲಸ ಮಾಡುತ್ತಲೇ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಸೇರಿಕೊಂಡ. 2020ರಲ್ಲಿ ಶುರುವಾದ ಆ ಕೋರ್ಸಿನಲ್ಲಿ ಮಧ್ಯದಲ್ಲಿ ನಿಂತರೂ ಡಿಪ್ಲೊಮಾ ಸಿಗುತ್ತೆ. ಇಗ್ನೋದ ಬಿಸಿಎ ಕೂಡ ದುಡಿಯುವವರಿಗೆ ಆಗುತ್ತೆ. ಬಿಡುವವರು ಹೊರಡುವ ಮೊದಲು ಡಿಜಿಲಾಕರ್‌ನಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಗಳಿಸಿದ ಕ್ರೆಡಿಟ್ ಜಮಾ ಆಗುವ) ಖಾತೆ ತೆರೆದು, ಗಳಿಸಿದ ಕ್ರೆಡಿಟ್ ಅದರಲ್ಲಿ ಬಂದಿದೆಯೇ ನೋಡಿಕೊಳ್ಳಿ. ಅಲ್ಲಿನ ಕ್ರೆಡಿಟ್‌ಗೆ ಹೆಚ್ಚೆಂದರೆ ಏಳು ವರ್ಷ ಆಯಸ್ಸು. ಅದನ್ನು ಮುಂದೆ ಬೇರೆ ಕಾಲೇಜು ಎಷ್ಟು ಒಪ್ಪುತ್ತೆ ಅನ್ನುವುದು ಆ ಕಾಲೇಜಿಗೆ ಬಿಟ್ಟದ್ದು, ಆದರೂ ದಾಖಲೆ ಇರಲಿ.

ಫಲಿತಾಂಶ ಬಂತು, ಎಲ್ಲ ಪಾಸು. ಪ್ರೊವಿಷನಲ್ ಸರ್ಟಿಫಿಕೇಟ್ ಬಂತು. ನೋ ಡ್ಯೂಸ್‌ಗೆ ಲೈಬ್ರರಿಯವರು ಮೊದಲ ವರ್ಷದ ಒಂದು ಪುಸ್ತಕದ ದಂಡ ಹಿಡಿದುಕೊಂಡು ಕೂತಿದ್ದರು, ಕಟ್ಟಿದೆ. ಕಂಪನಿಗೆ ಫುಲ್ ಟೈಮ್ ಸೇರುವಾಗ ದಾಖಲೆ ಪರಿಶೀಲನೆಯ ಏಜೆನ್ಸಿಯವರು ಒಂದು ಪ್ರಶ್ನೆ ಎತ್ತಿದರು. ನನ್ನ ಎಂಟನೇ ಸೆಮಿಸ್ಟರ್ ಮಾರ್ಕ್ಸ್ ಕಾರ್ಡಿನ ದಿನಾಂಕ ಏಳನೆಯದಕ್ಕಿಂತ ಹಿಂದಿನದು, ಇದು ಹೇಗೆ ಸಾಧ್ಯ? ಅದಲು ಬದಲು ಆದದ್ದಕ್ಕೆ ಹಾಗೆ ಅಂತ ಫೋನಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ, ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಬೇಕಂತೆ. ಮತ್ತೆ ಕೌಂಟರಿಗೆ ಹೋಗಿ, ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ ಪತ್ರ ತಂದೆ. ಸೆಮಿಸ್ಟರ್ ಬದಲಿಸಿಕೊಳ್ಳುವವರು ಕಾಲೇಜು ಬಿಡುವ ಮೊದಲೇ ಈ ಪತ್ರ ಬರೆಸಿ, ಎರಡು ಪ್ರತಿ ಇಟ್ಟುಕೊಳ್ಳಿ. ಮುಂದಿನ ಕಂಪನಿಯವರೂ ಇದನ್ನೇ ಕೇಳುತ್ತಾರೆ ಅಂತ ಎಚ್‌ಆರ್ ಈಗಾಗಲೇ ಹೇಳಿದ್ದಾರೆ.